ಗಲ್ಲು, ಕುಣಿಕೆ, ತೂಕ್ಕು: ನಮ್ಮ ಬಾಯಲ್ಲಿರೋ ಹಗ್ಗದ ಮಾತುಗಳು

1/8

ಇವತ್ತು ಬೆಳಗ್ಗೆಯಿಂದ ನೀವು ಎಷ್ಟು ಸಲ ಮರಣದಂಡನೆಯ ಮಾತಾಡಿದ್ದೀರಿ? ಒಂದ್ಸಲಾನೂ ಇಲ್ಲ ಅಂತೀರಾ? ಲೆಕ್ಕ ಹಾಕೋಣ ಬನ್ನಿ.

ಅಸೈನ್‌ಮೆಂಟ್ ಡೆಡ್‌ಲೈನ್ ನಾಳೆ ಅಂದ್ರಿ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1864ರಲ್ಲಿ, ಆಂಡರ್ಸನ್‌ವಿಲ್ ಅನ್ನೋ ಸೆರೆಶಿಬಿರದೊಳಗೆ ಒಂದು ಗೆರೆ ಇತ್ತು. ಅದನ್ನ ದಾಟಿದ ಕೈದಿಗೆ ಕಾವಲುಗಾರ ಗುಂಡು ಹೊಡೀತಿದ್ದ. ಆ ಗೆರೆಯ ಹೆಸರೇ ಡೆಡ್‌ಲೈನ್. ಪೇಪರ್‌ನಲ್ಲಿ 'ಸಚಿವರ ತಲೆದಂಡ' ಅಂತ ಓದಿದ್ರಿ. ತಲೆದಂಡ ಅಂದ್ರೆ ತಪ್ಪಿಗೆ ತಲೆಯನ್ನೇ ದಂಡವಾಗಿ ಕಟ್ಟೋದು. ಲೇಟಾಯ್ತು ಅಂತ ಓಡ್ತಿದ್ದ ಫ್ರೆಂಡ್‌ಗೆ 'ತಲೆ ಹೋಗೋ ಕೆಲಸ ಏನಿದೆ, ನಿಧಾನಕ್ಕೆ ಬಾ' ಅಂದ್ರಿ. ಬೋರಾದ ಕ್ಲಾಸಲ್ಲಿ ನೋಟ್‌ಬುಕ್ ಹಿಂದೆ ಹ್ಯಾಂಗ್‌ಮ್ಯಾನ್ ಆಡಿದ್ರಿ. ಒಂದೊಂದು ಅಕ್ಷರ ತಪ್ಪಿದಾಗಲೂ ಒಂದು ಗೀಟು ಎಳೆದು, ಕೊನೆಗೆ ಒಬ್ಬ ಮನುಷ್ಯನನ್ನ ನೇತುಹಾಕಿದ್ರಿ.

ಯಾರದ್ದೂ ತಪ್ಪಲ್ಲ, ಮಾತು ಸವೆದು ಸವೆದು ಹೀಗೇ ಆಗುತ್ತೆ. ಆದ್ರೆ ಈ ಪದಗಳು ಮೊದಲು ಯಾರ ಬಾಯಿಂದ ಬಂದವು? ಕಂಬದ ಮೇಲೆ ನಿಂತವನದ್ದಾ, ಕೆಳಗೆ ನಿಂತು ನೋಡ್ತಿದ್ದವರದ್ದಾ, ಮನೇಲಿ ಅಳ್ತಿದ್ದವರದ್ದಾ? ಈ ಎಂಟು ಪೋಸ್ಟ್ ಅದರ ಬಗ್ಗೆ. ಕೊನೇವರೆಗೂ ಬನ್ನಿ, ಕಡೇ ಭಾಗದಲ್ಲಿ ನಮ್ಮ ಕಾಮೆಂಟ್ ಬಾಕ್ಸ್ ವಿಷಯ ಇದೆ.

2/8

ಮೊದಲು ನಮ್ಮೂರಿಂದಲೇ ಶುರು. ಕೆಜಿಎಫ್‌ನಲ್ಲಿ, ಬಂಗಾರಪೇಟೆಯಲ್ಲಿ ಒಂದು ಬೀದಿ ದಾಟೋ ಅಷ್ಟರಲ್ಲಿ ನಾಲ್ಕು ಭಾಷೆ ಕಿವಿಗೆ ಬೀಳುತ್ತೆ. ನಾಲ್ಕರಲ್ಲೂ ನೇಣಿಗೆ ಬೇರೆ ಬೇರೆ ಹೆಸರು.

ತಮಿಳಿನಲ್ಲಿ ತೂಕ್ಕು. ಗಲ್ಲು ಶಿಕ್ಷೆಗೆ ತೂಕ್ಕು ದಂಡನೈ ಅಂತಾರೆ. ಆದ್ರೆ ಮಗೂನ ಎತ್ಕೋ ಅನ್ನೋಕೂ ತೂಕ್ಕು ಅಂತಲೇ ಹೇಳೋದು. ಹಿಡಿ ಇರೋ ಊಟದ ಡಬ್ಬಿ ತೂಕ್ಕು ವಾಳಿ. ನಮ್ಮ ತಾತ ಶಿಫ್ಟ್‌ಗೆ ಹೊರಟಾಗ ಅಜ್ಜಿ ಕೈಗೆ ಕೊಡ್ತಿದ್ದದ್ದು ಅದೇ ತೂಕ್ಕು. ಅದು ಈಗಲೂ ಅಟ್ಟದ ಮೇಲಿದೆ, ತಳ ತೂತು ಬಿದ್ದಿದೆ. ಇನ್ನು ತೂಕ್ಕಂ ಅಂದ್ರೆ ನಿದ್ದೆ. ಒಂದೇ ಮಾತಿನ ಸುತ್ತ ಮಗು, ಊಟ, ನಿದ್ದೆ, ಗಲ್ಲು ಎಲ್ಲಾ ಇವೆ. ನಮ್ಮ ಕನ್ನಡದ 'ತೂಗು' ಅದರ ಅಕ್ಕನೋ ತಂಗಿಯೋ. ತೊಟ್ಟಿಲು ತೂಗ್ತೀವಿ, ತಕ್ಕಡೀಲಿ ಚಿನ್ನ ತೂಗ್ತೀವಿ.

ತೆಲುಗಿನಲ್ಲಿ ಉರಿ. ಉರಿಶಿಕ್ಷ, ಉರಿಕಂಬಂ. ಕನ್ನಡ ಮಾತ್ರ ಬರೋವ್ರಿಗೆ ಉರಿ ಅಂದ್ರೆ ಬೆಂಕಿ, ಹೊಟ್ಟೆಕಿಚ್ಚು. ತೆಲುಗಿನವರಿಗೆ ಅದು ಕುಣಿಕೆ. ಕನ್ನಡದಲ್ಲಿ ಅದರ ಬಳಗದ ಪದ ಉರುಳು. ಮೊಲ ಹಿಡಿಯೋಕೆ ಪೊದೆ ಪಕ್ಕ ಹಾಕ್ತಿದ್ದರಲ್ಲ, ಅದೇ.

ಉರ್ದುವಿನಲ್ಲಿ ಫಾಂಸಿ. ಅದರ ಬೇರು ಸಂಸ್ಕೃತದ ಪಾಶ. ಯಮಪಾಶ ಅನ್ನೋದೂ ಅದೇ ಪಾಶ, ಮೋಹಪಾಶ ಅನ್ನೋದೂ ಅದೇ.

ಕನ್ನಡದಲ್ಲಿ ನೇಣು. ಹಳೇ ಅರ್ಥ ಬರೀ ಹಗ್ಗ. ಕುಣಿಕೆಯೂ ಅಷ್ಟೇ: ಬಾವಿಗೆ ಬಿಡೋ ಕೊಡಕ್ಕೆ ಹಾಕೋದು, ದನದ ಕೊರಳಿಗೆ ಹಾಕೋದು.

ಗಮನಿಸಿದ್ರಾ? ಇವೆಲ್ಲ ಹಟ್ಟಿ, ಹೊಲ, ಅಡುಗೆಮನೆ, ತೊಟ್ಟಿಲಿನ ಪದಗಳು. ಹಗ್ಗ ನಮ್ಮ ಮನೆಯದು, ಅದನ್ನ ಕೊರಳಿಗೆ ಹಾಕೋ ಬುದ್ಧಿ ಆಮೇಲೆ ಬಂದದ್ದು. ಹೊರಗಿನಿಂದ ಬಂದ ಪದ ಒಂದೇ, ಅದು 'ಗಲ್ಲು'. ಇಂಗ್ಲಿಷ್‌ನವರ ಗ್ಯಾಲೋಸ್ ನಮ್ಮ ಬಾಯಲ್ಲಿ ಗಲ್ಲು ಆಯ್ತು. (ಅಂಗಡಿ ಗಲ್ಲಾ ಪೆಟ್ಟಿಗೆಗೂ ಇದಕ್ಕೂ ಸಂಬಂಧ ಇಲ್ಲ, ಬಿಕಾಂನವರು ಗಾಬರಿ ಆಗ್ಬೇಡಿ.)

3/8

ಈ ಫೋಟೋದಲ್ಲಿ ಇರೋದು ಏನು ಅಂತ ಕೆಜಿಎಫ್‌ನವರಿಗೆ ಹೇಳ್ಬೇಕಾಗಿಲ್ಲ. ಹೆಡ್‌ಗೇರ್. ಶಾಫ್ಟ್ ಬಾಯಿ ಮೇಲೆ ನಿಂತಿರೋ ಉಕ್ಕಿನ ಗೋಪುರ, ತುದೀಲಿ ದೊಡ್ಡ ಚಕ್ರ. ಆ ಚಕ್ರದ ಮೇಲೆ ಹಾದು ಬಂದ ಹಗ್ಗದ ತುದೀಲಿ ಕೇಜ್. ಅದರಲ್ಲಿ ನಿಂತು ಜನ ಭೂಮಿಯೊಳಗೆ ಇಳೀತಿದ್ದರು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್‌ಗೂ ಹೆಚ್ಚು ಆಳ.

ಗಣಿಗಾರಿಕೆಯ ಇಂಗ್ಲಿಷ್‌ನಲ್ಲಿ ಇದಕ್ಕೆ ಇನ್ನೊಂದು ಹೆಸರಿದೆ: ಗ್ಯಾಲೋಸ್ ಫ್ರೇಮ್. ಅಂದ್ರೆ ಗಲ್ಲಿನ ಚೌಕಟ್ಟು. ಎರಡು ಕಂಬ, ಮೇಲೊಂದು ಅಡ್ಡ, ಅದರಿಂದ ಇಳಿಬಿದ್ದ ಹಗ್ಗ. ನೋಡಿದವರಿಗೆ ಹಾಗೇ ಕಾಣ್ತು, ಹೆಸರೂ ಹಾಗೇ ಬಿತ್ತು.

ಕ್ರೇನ್‌ಗೆ, ಎಣ್ಣೆಬಾವಿ ಮೇಲಿನ ಗೋಪುರಕ್ಕೆ ಡೆರಿಕ್ ಅಂತಾರಲ್ಲ, ಅದು ಇನ್ನೂ ವಿಚಿತ್ರ. 1600ರ ಸುಮಾರಿಗೆ ಲಂಡನ್‌ನಲ್ಲಿ ಡೆರಿಕ್ ಅಂತ ಒಬ್ಬ ಗಲ್ಲಿಗೇರಿಸುವವನಿದ್ದ. ಮೊದಲು ಅವನ ಕಸುಬಿನವರಿಗೆಲ್ಲ ಅವನ ಹೆಸರೇ ಹೆಸರಾಯ್ತು, ಆಮೇಲೆ ಗಲ್ಲಿನ ಕಂಬಕ್ಕೆ, ಕಡೆಗೆ ಭಾರ ಎತ್ತೋ ಯಂತ್ರಕ್ಕೆ. ಇವತ್ತು ಡೆರಿಕ್ ಅನ್ನೋ ಎಂಜಿನಿಯರ್‌ಗೆ ಆ ಮನುಷ್ಯನ ನೆನಪೇ ಬರಲ್ಲ.

1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಬಂತು, ಅವರ ಜೊತೆ ಇಂಗ್ಲೆಂಡಿನ ಕಾರ್ನ್‌ವಾಲ್‌ನ ಗಣಿಗಾರರೂ ಬಂದ್ರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ನಡುವೆ 120 ವರ್ಷ ನಮ್ಮ ಜನ ಈ ಚೌಕಟ್ಟುಗಳ ಕೆಳಗೆ ಬದುಕಿದ್ರು. ನಮ್ಮ ಮನೇಲಿ ಯಾರೂ ಅದಕ್ಕೆ ಗಲ್ಲು ಅಂತ ಅಂದದ್ದು ನಾನು ಕೇಳಿಲ್ಲ. ಶಾಫ್ಟ್ ಅಂತಿದ್ರು, ಹೆಡ್‌ಗೇರ್ ಅಂತಿದ್ರು. ದಿನಾ ಆ ಹಗ್ಗದ ಮೇಲೆ ಜೀವ ಇಟ್ಟು ಇಳಿಯೋವ್ರು ಅದನ್ನ ಹಾಗೆ ತಮಾಷೆಗೆ ಕರೀತಾರಾ? ದೂರ ನಿಂತು ನೋಡಿದವರಿಗೆ ಮಾತ್ರ ಅದು ಗಲ್ಲಿನ ಥರ ಕಂಡದ್ದು.

ದೂರ ನಿಂತು ನೋಡೋವ್ರು. ಇದನ್ನ ನೆನಪಿಟ್ಕೊಳ್ಳಿ, ಮುಂದಿನ ಭಾಗ ಪೂರ್ತಿ ಅವರದ್ದೇ.

4/8

ಲಂಡನ್‌ನಲ್ಲಿ ಈಗ ಮಾರ್ಬಲ್ ಆರ್ಚ್ ಇರೋ ಜಾಗದ ಹತ್ತಿರ ಟೈಬರ್ನ್ ಅಂತ ಒಂದು ಊರಿತ್ತು. 1783ರವರೆಗೆ ಅದೇ ಗಲ್ಲಿನ ಜಾಗ. 1571ರಲ್ಲಿ ಅಲ್ಲಿ ಮೂರು ಕಂಬ ನೆಟ್ಟು, ಮೇಲೆ ಮೂರು ತೊಲೆ ಹಾಕಿದ್ರು, ಒಂದೇ ಸಲಕ್ಕೆ ತುಂಬಾ ಜನರನ್ನ ನೇತುಹಾಕೋಕೆ. ನ್ಯೂಗೇಟ್ ಜೈಲಿಂದ ಗಾಡೀಲಿ ಕರ್ಕೊಂಡು ಬರೋರು, ದಾರಿಯುದ್ದಕ್ಕೂ ಜನ. ನಮ್ಮ ಜಾತ್ರೆ ಥರ ತಿಂಡಿ ಮಾರೋರು, ಹಾಡು ಅಚ್ಚು ಹಾಕಿಸಿ ಮಾರೋರು.

ಅಲ್ಲಿ ಹುಟ್ಟಿದ ಸ್ಲ್ಯಾಂಗ್ ಎಷ್ಟಿದೆ ಅಂದ್ರೆ, ಫ್ರಾನ್ಸಿಸ್ ಗ್ರೋಸ್ ಅನ್ನೋವ್ರು 1785ರಲ್ಲಿ ಬೀದಿಮಾತಿನ ಒಂದು ನಿಘಂಟು ತಂದಾಗ ಪುಟ ಪುಟದಲ್ಲೂ ಸಿಕ್ಕಿತು. ಕೆಲವನ್ನ ಕನ್ನಡಕ್ಕೆ ತಿರುಗಿಸಿ ಕೊಡ್ತೀನಿ:

▪️ ಮೂರು ಕಾಲಿನ ಕುದುರೆ: ಆ ಮೂರು ಕಂಬದ ಗಲ್ಲು
▪️ ಶೂನ್ಯದ ಮೇಲೆ ಕುಣಿಯೋದು: ನೇಣಿಗೇರೋದು
▪️ ಸೆಣಬಿನ ಜ್ವರದಲ್ಲಿ ಸತ್ತ: ಗಲ್ಲಾಯ್ತು (ಹಗ್ಗ ಸೆಣಬಿಂದು ತಾನೆ)
▪️ ಸೆಣಬಿನ ವಿಧವೆ: ಗಂಡನಿಗೆ ಗಲ್ಲಾದವಳು
▪️ ಷೆರೀಫನ ಚಿತ್ರದ ಫ್ರೇಮ್: ಗಲ್ಲಿನ ಚೌಕಟ್ಟು
▪️ ಪ್ಯಾಡಿಂಗ್ಟನ್ ಸಂತೆ ದಿನ: ಗಲ್ಲಿನ ದಿನ

1686ರಲ್ಲಿ ತೀರಿಕೊಂಡ ಜ್ಯಾಕ್ ಕೆಚ್ ಅನ್ನೋ ಗಲ್ಲಿನವನ ಹೆಸರು ಆಮೇಲೆ ಬಂದ ಎಲ್ಲರಿಗೂ ಅಂಟಿಕೊಂಡು, ಬೊಂಬೆಯಾಟಕ್ಕೂ ಹೋಯ್ತು.

ಓದಿದ್ರೆ ನಗು ಬರುತ್ತೆ, ಬರ್ಲಿ. ಇದರಲ್ಲಿ ಎಷ್ಟೋ ಮಾತು ಕಳ್ಳರದ್ದೇ. ನಾಳೆ ತಮಗೂ ಅದೇ ಗತಿ ಅಂತ ಗೊತ್ತಿದ್ದವರು ಭಯಕ್ಕೆ ನಗ್ತಿದ್ರು. ಆಗ ಅಲ್ಲಿ ಸಣ್ಣ ಕಳ್ಳತನಕ್ಕೂ ಗಲ್ಲಿತ್ತು. ಸಾಯೋಕೆ ಹೋಗೋವನು ಮಾಡೋ ಜೋಕಿಗೂ, ಬಿಸಿ ಬಿಸಿ ತಿಂಡಿ ತಿಂತಾ ನೋಡೋಕೆ ಬಂದವನು ಮಾಡೋ ಜೋಕಿಗೂ ಪದ ಒಂದೇ. ಕೇಳೋವ್ರಿಗೆ ವ್ಯತ್ಯಾಸ ಗೊತ್ತಾಗಲ್ಲ. ಆದ್ರೆ 'ಸೆಣಬಿನ ವಿಧವೆ' ಅನ್ನೋ ಮಾತನ್ನ ಆ ಹೆಂಗಸಿನ ಎದುರು ನಿಂತು ಹೇಳಿ ನೋಡಿ. ಜೋಕು ಅಲ್ಲೇ ಸತ್ತುಹೋಗುತ್ತೆ.

ಇಂಗ್ಲೆಂಡ್‌ನಲ್ಲಿ ಜನರೆದುರು ಗಲ್ಲಿಗೇರಿಸೋದು 1868ರಲ್ಲಿ ನಿಂತಿತು. ಪದಗಳು ಮಾತ್ರ ಉಳಿದವು.

5/8

'ಅದು ಅವರ ಕಥೆ, ನಮ್ಮಲ್ಲಿ ಹಾಗಿರ್ಲಿಲ್ಲ' ಅಂತ ಯಾರಾದ್ರೂ ಅನ್ನೋಕೆ ಮುಂಚೆ ನಮ್ಮ ಹಳೇ ಪದಗಳನ್ನೂ ನೋಡಿಬಿಡೋಣ.

ಶೂಲ. ಚೂಪಾದ ಕಂಬದ ಮೇಲೆ ಏರಿಸಿ ಕೊಲ್ಲೋದು. ಹೊಟ್ಟೆನೋವು ತಡೆಯೋಕಾಗದೆ ಇದ್ದಾಗ ಹಿರಿಯರು ಹೊಟ್ಟೆಶೂಲೆ ಅಂತಾರಲ್ಲ, ಅದೂ ಅದೇ ಬೇರಿನಿಂದ ಬಂದದ್ದು.

ಎಳೆಹೂಟೆ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಹರಳಯ್ಯ ಮತ್ತು ಮಧುವರಸರಿಗೆ ಕೊಟ್ಟ ಶಿಕ್ಷೆ. ಸಮಗಾರರ ಮನೆಯ ಹುಡುಗನಿಗೂ ಬ್ರಾಹ್ಮಣರ ಮನೆಯ ಹುಡುಗಿಗೂ ಮದುವೆ ಮಾಡಿದ ಅಪ್ಪಂದಿರು ಅವರು. ಆನೆ ಕಾಲಿಗೆ ಕಟ್ಟಿಸಿ ಊರಲ್ಲೆಲ್ಲ ಎಳೆಸಿದರು ಅಂತ ಶರಣರ ಕಥೆಗಳು ಹೇಳ್ತವೆ. ಪದ ನೋಡಿ: ಹೂಟೆ ಅಂದ್ರೆ ಉಳುಮೆ. ಮಣ್ಣು ಉಳೋ ಪದ ತಗೊಂಡು ಮನುಷ್ಯನನ್ನ ಎಳೆಯೋದಕ್ಕೆ ಇಟ್ಟಿದ್ದಾರೆ. ಗಿರೀಶ ಕಾರ್ನಾಡರು ಇದೇ ಕಲ್ಯಾಣದ ಕಥೆ ಇಟ್ಕೊಂಡು 1990ರಲ್ಲಿ 'ತಲೆದಂಡ' ನಾಟಕ ಬರೆದ್ರು. ಈಗ ಆ ಪದ ರಾಜೀನಾಮೆಗೆ ಹೆಡ್‌ಲೈನ್ ಆಗಿದೆ.

ಡ್ರಾಪ್. ನಂದಿಬೆಟ್ಟಕ್ಕೆ ಹೋಗಿ ಸ್ಟೋರಿ ಹಾಕದೆ ಇರೋವ್ರು ಯಾರಿದ್ದಾರೆ? ಅಲ್ಲಿ ಟಿಪ್ಪು ಡ್ರಾಪ್ ಅಂತ ಒಂದು ಬಂಡೆಯ ಅಂಚಿದೆ. ಕೈದಿಗಳನ್ನ ಅಲ್ಲಿಂದ ಕೆಳಕ್ಕೆ ತಳ್ತಿದ್ರು ಅಂತ ಜನರ ಹೇಳಿಕೆ. ಗಲ್ಲಿನ ಭಾಷೆಯಲ್ಲೂ ಡ್ರಾಪ್ ಇದೆ. ಕಾಲ ಕೆಳಗಿನ ಹಲಗೆ ತೆರೆದಾಗ ದೇಹ ಬೀಳೋ ಆಳಕ್ಕೆ ಡ್ರಾಪ್ ಅಂತಾರೆ. ತೂಕ ನೋಡಿ ಎಷ್ಟು ಅಡಿ ಅಂತ ಮೊದಲೇ ಲೆಕ್ಕ ಹಾಕ್ತಾರೆ. 'ಬಸ್ ಸ್ಟ್ಯಾಂಡ್‌ಗೆ ಡ್ರಾಪ್ ಮಾಡ್ತೀಯಾ ಮಚ್ಚಾ' ಅನ್ನೋ ಡ್ರಾಪ್ ಪಕ್ಕದಲ್ಲೇ ಈ ಡ್ರಾಪ್ ಕೂತಿದೆ.

6/8

ಈಗ ಈ ಸೀರೀಸ್‌ನಲ್ಲಿ ನನಗೆ ತುಂಬಾ ಇಷ್ಟವಾದ ಭಾಗ. ಸ್ವಲ್ಪ ವ್ಯಾಕರಣ, ಓಡಿಹೋಗ್ಬೇಡಿ.

ಕನ್ನಡದಲ್ಲಿ 'ಗಲ್ಲಿಗೇರಿಸಿದರು' ಅಂತಲೂ ಹೇಳ್ಬಹುದು, 'ಗಲ್ಲಿಗೇರಿದರು' ಅಂತಲೂ ಹೇಳ್ಬಹುದು. ಒಂದು 'ಸು' ಅಷ್ಟೇ ವ್ಯತ್ಯಾಸ. ಮೊದಲನೇದರಲ್ಲಿ ಕೆಲಸ ಮಾಡಿದ್ದು ಸರ್ಕಾರ. ಎರಡನೇದರಲ್ಲಿ ಕೆಲಸ ಮಾಡಿದ್ದು ಸತ್ತವನು, ಅವನೇ ಏರಿದ. ಸಿಂಹಾಸನ ಏರಿದ, ಹಸೆಮಣೆ ಏರಿದಳು, ಗಲ್ಲಿಗೇರಿದ: ಎಲ್ಲಕ್ಕೂ ಒಂದೇ ಕ್ರಿಯಾಪದ.

ಸಂಗೊಳ್ಳಿ ರಾಯಣ್ಣನನ್ನ ಬ್ರಿಟಿಷರು 1831ರ ಜನವರಿ 26ರಂದು ನಂದಗಡದ ಹತ್ತಿರ ಆಲದ ಮರಕ್ಕೆ ನೇಣು ಹಾಕಿದ್ರು. ಆ ದಿನದ ಸರ್ಕಾರಿ ಭಾಷೆಯಲ್ಲಿ ಅವನು ಬಂಡುಕೋರ. ನಮ್ಮ ಜನ ಏನಂದ್ರು? ರಾಯಣ್ಣ ನೇಣಿಗೆ ಕೊರಳೊಡ್ಡಿದ, ಗಲ್ಲಿಗೇರಿದ. ನಂದಗಡದ ಆಲದ ಮರಕ್ಕೂ ಸಮಾಧಿಗೂ ಇವತ್ತಿಗೂ ಜನ ಹೋಗಿ ಕೈ ಮುಗೀತಾರೆ. ಟೈಬರ್ನ್‌ನ ಮೂರು ಕಂಬಕ್ಕೆ ಊರು ಜೋಕು ಕಟ್ಟಿತು, ಇಲ್ಲಿ ಮರಕ್ಕೆ ಊರು ದೀಪ ಹಚ್ಚಿತು.

ಹಲಗಲಿ ಬೇಡರು ನೆನಪಿದ್ದಾರಾ? ಹತ್ತನೇ ಕ್ಲಾಸ್ ಕನ್ನಡದಲ್ಲಿ ಲಾವಣಿ ಇತ್ತು, ಬಾಯಿಪಾಠ ಮಾಡಿ ಮರೆತಿದ್ದೀವಿ. 1857ರಲ್ಲಿ ಆಯುಧ ಒಪ್ಪಿಸಿ ಅಂದಾಗ ಒಪ್ಪಲ್ಲ ಅಂದ್ರು. ಆ ಡಿಸೆಂಬರ್‌ನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ 19 ಮಂದಿಗೆ ಗಲ್ಲಾಯ್ತು. ಊರಿಗೆ ಬುದ್ಧಿ ಬರ್ಲಿ ಅಂತ ಎಲ್ಲರ ಕಣ್ಣೆದುರೇ ಏರಿಸಿದ್ರು. ನೋಡಿದ ಜನ ಸ್ಲ್ಯಾಂಗ್ ಕಟ್ಟಲಿಲ್ಲ, ಲಾವಣಿ ಕಟ್ಟಿದ್ರು. ಆಮೇಲೆ ಅದನ್ನ ಬರೆದಿಟ್ಟು ಅಚ್ಚು ಹಾಕಿಸಿದ್ದು ಜೆ.ಎಫ್. ಫ್ಲೀಟ್ ಅನ್ನೋ ಬ್ರಿಟಿಷ್ ಅಧಿಕಾರಿಯೇ. ಗಲ್ಲು ಹಾಕಿದ ಸರ್ಕಾರದವರೇ ಹಾಡನ್ನ ಜೋಪಾನ ಮಾಡಿದ್ರು.

ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲಿ ತಾನೇ ಸ್ವತಂತ್ರ ಅಂತ ಸಾರಿಕೊಂಡ ಹಳ್ಳಿ. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ, ಈ ಐವರಿಗೆ ಗಲ್ಲಾಯ್ತು. ಅದೇ ತಿಂಗಳ 29ಕ್ಕೆ ಕಣ್ಣೂರು ಜೈಲಲ್ಲಿ ಕಾಸರಗೋಡು ಕಡೆಯ ಕಯ್ಯೂರಿನ ನಾಲ್ವರು ರೈತ ಹೋರಾಟಗಾರರಿಗೆ ಗಲ್ಲಾಯ್ತು. ಅವರ ಮೇಲೆ ನಿರಂಜನರು 'ಚಿರಸ್ಮರಣೆ' ಕಾದಂಬರಿ ಬರೆದ್ರು.

ಇಲ್ಲೆಲ್ಲ ಪದ ಬಂದದ್ದು ಸತ್ತವರ ಕಡೆಯವರಿಂದ. ಅದಕ್ಕೇ ಅದರಲ್ಲಿ ನಗು ಇಲ್ಲ.

7/8

ಈ ಭಾಗ ನಿಧಾನಕ್ಕೆ ಓದಿ. ಆತ್ಮಹತ್ಯೆ ವಿಷಯ ಇದೆ, ಬೇಡ ಅನಿಸಿದ್ರೆ 8ಕ್ಕೆ ಹೋಗಿ.

'ನೇಣಿಗೆ ಶರಣು' ಅಂತ ಸುದ್ದೀಲಿ ಓದ್ತೀವಿ. ಶರಣು ಅನ್ನೋದು ದೇವರ ಮುಂದೆ, ಗುರುಗಳ ಮುಂದೆ ಹೇಳೋ ಮಾತು. ಹಗ್ಗದ ಮುಂದೆ ಅದನ್ನ ಯಾಕೆ ತಂದಿಟ್ರು? ರಾಯಣ್ಣನಿಗೆ ಹೇಳಿದ 'ಕೊರಳೊಡ್ಡಿದ' ಅನ್ನೋ ಮಾತನ್ನೂ ಅಲ್ಲಿ ತಂದು ಹಾಕ್ತಾರೆ. ನೊಂದು, ಯಾರ ಹತ್ರಾನೂ ಹೇಳ್ಕೊಳ್ಳೋಕೆ ಆಗದೆ ಹೋದ ಒಂದು ಜೀವದ ಬಗ್ಗೆ ವೀರರ ಮಾತಾಡೋದು, ಭಕ್ತರ ಮಾತಾಡೋದು ಎರಡೂ ಸರಿ ಅಲ್ಲ. 'ತೀರಿಕೊಂಡರು' ಅನ್ನೋ ಪದ ಕನ್ನಡದಲ್ಲಿದೆ. ಅದು ಸಾಕು.

ಇನ್ನು ಕ್ಲಾಸಿನ ವಿಷಯ. ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಕಡಿಮೆ ಬಂದವನಿಗೆ 'ಹೋಗಿ ನೇಣು ಹಾಕ್ಕೋ' ಅಂತ ಹಿಂದಿನ ಬೆಂಚಿಂದ ಕೂಗಿದ್ದನ್ನ ನಾವೆಲ್ಲ ಕೇಳಿದ್ದೀವಿ. ಹೇಳಿದವನು ಕೆಟ್ಟವನಲ್ಲ, ಕ್ಯಾಂಟೀನ್‌ನಲ್ಲಿ ಅವನೇ ಟೀ ಕೊಡಿಸ್ತಾನೆ. ಆದ್ರೆ ಐವತ್ತು ಜನರಲ್ಲಿ ಯಾರಿಗೆ ಆ ವಾರ ರಾತ್ರಿ ನಿದ್ದೆ ಬರ್ತಿಲ್ಲ ಅಂತ ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಬೈಯ್ಯೋಕೆ ಕನ್ನಡದಲ್ಲಿ ಪದಗಳಿಗೆ ಬರವಾ? ದಂಡಪಿಂಡ ಅನ್ನಿ, ಎಮ್ಮೆ ಅನ್ನಿ, ಮೊದ್ದು ಅನ್ನಿ. ಆ ಒಂದನ್ನ ಬಿಟ್ಬಿಡಿ.

ಮನಸ್ಸು ಭಾರ ಆಗಿದ್ರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಸರ್ಕಾರದ್ದು, ಉಚಿತ, ಹಗಲೂ ರಾತ್ರೀನೂ ಇರುತ್ತೆ, ಕನ್ನಡದಲ್ಲೇ ಮಾತಾಡ್ಬಹುದು. ಅದಕ್ಕೂ ಮುಂಚೆ ಪಕ್ಕದಲ್ಲಿ ಕೂರೋ ಫ್ರೆಂಡ್‌ಗೆ ಒಂದು ಮಾತು ಹೇಳಿ.

8/8

ಕೊನೇದು. ಯಾವುದಾದ್ರೂ ಘೋರ ಅಪರಾಧದ ವಿಡಿಯೋ ಬಂದ ತಕ್ಷಣ ಕೆಳಗೆ ಸಾಲುಗಟ್ಟಿ ಬರೋ ಕಾಮೆಂಟ್ ಯಾವುದು? 'ಗಲ್ಲಿಗೇರಿಸಿ'. 'ನಡುಬೀದೀಲಿ ನೇತುಹಾಕಿ'. 'ಎನ್‌ಕೌಂಟರ್ ಮಾಡ್ಬಿಡಿ'. ಎನ್‌ಕೌಂಟರ್ ಅಂದ್ರೆ ಇಂಗ್ಲಿಷ್‌ನಲ್ಲಿ ಎದುರಾಗೋದು ಅಷ್ಟೇ. ಅದನ್ನ ಕೊಲ್ಲೋದು ಅನ್ನೋ ಅರ್ಥಕ್ಕೆ ತಂದವರು ನಾವೇ. ಇಂಗ್ಲೆಂಡಿನವರು ಗ್ರೋಸ್ ನಿಘಂಟಿಗೆ ಮೂರು ಕಾಲಿನ ಕುದುರೆ ಕೊಟ್ರೆ, ನಾವು ನಮ್ಮ ಕಾಲಕ್ಕೆ ಇದನ್ನ ಕೊಟ್ಟಿದ್ದೀವಿ.

ಕೋಪ ಸುಳ್ಳಲ್ಲ. ಕೆಲವು ಸುದ್ದಿ ಓದಿದ್ರೆ ನನಗೂ ಮೈ ಉರಿಯುತ್ತೆ. ಮರಣದಂಡನೆ ಬೇಕಾ ಬೇಡ್ವಾ ಅನ್ನೋ ಚರ್ಚೆಗೂ ಇಲ್ಲಿ ಬರ್ತಿಲ್ಲ, ಅದು ದೊಡ್ಡದು. ನಾನು ಕೇಳೋದು ವ್ಯಾಕರಣದ ಒಂದೇ ಪ್ರಶ್ನೆ: 'ಗಲ್ಲಿಗೇರಿಸಿ' ಅನ್ನೋ ವಾಕ್ಯದ ಕರ್ತೃ ಯಾರು? ಯಾರು ಏರಿಸ್ಬೇಕು?

ಬಿಕಾಂ ಮೊದಲ ಸೆಮಿಸ್ಟರ್‌ನಲ್ಲೇ ನಮಗೆ ಹೇಳಿಕೊಟ್ಟಿದ್ದಾರೆ, ಪ್ರತಿ ಡೆಬಿಟ್‌ಗೂ ಒಂದು ಕ್ರೆಡಿಟ್ ಇರ್ಲೇಬೇಕು. ಎಂಟ್ರಿ ಒಂದೇ ಕಡೆ ಬರೆದು ಬಿಡೋ ಹಾಗಿಲ್ಲ. ಈ ವಾಕ್ಯಕ್ಕೂ ಇನ್ನೊಂದು ಕಡೆ ಇದೆ. 2012ರ ದೆಹಲಿ ಪ್ರಕರಣದ ನಾಲ್ವರನ್ನ 2020ರ ಮಾರ್ಚ್ 20ರ ಬೆಳಗಿನ ಜಾವ ತಿಹಾರ್ ಜೈಲಲ್ಲಿ ಗಲ್ಲಿಗೇರಿಸಿದಾಗ, ದೇಶಕ್ಕೆ ದೇಶವೇ ಅದನ್ನ ಕೇಳಿತ್ತು. ಜೈಲಿನ ಹೊರಗೆ ಜನ ಸೇರಿದ್ರು, ಸಿಹಿ ಹಂಚಿದ್ರು. ಆದ್ರೆ ಆ ಕೆಲಸ ಮಾಡೋಕೆ ಮೀರತ್‌ನಿಂದ ಒಬ್ಬ ಮನುಷ್ಯನನ್ನ ಕರೆಸ್ಬೇಕಾಯ್ತು. ಕೋಟಿ ಜನ ಹೇಳಿದ ಕ್ರಿಯಾಪದಕ್ಕೆ ಒಬ್ಬನ ಕೈ.

ಕರ್ನಾಟಕದಲ್ಲಿ ಗಲ್ಲಿನ ವ್ಯವಸ್ಥೆ ಇರೋದು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಮಾತ್ರ. ಅಲ್ಲಿ ಕೊನೇ ಸಲ ಗಲ್ಲಾದದ್ದು 1983ರಲ್ಲಿ. 1980ರ ಬಚ್ಚನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ ಈ ಶಿಕ್ಷೆ ಅಂತ. ನ್ಯಾಯಾಧೀಶರು ವರ್ಷಗಟ್ಟಲೆ ಸಾಕ್ಷಿ ಕೇಳಿ, ಕಾರಣ ಬರೆದು, ಮೇಲಿನ ಕೋರ್ಟ್ ಒಪ್ಪಿ, ಕ್ಷಮಾದಾನದ ಅರ್ಜಿ ತೀರ್ಮಾನ ಆಗಿ ಆಮೇಲೆ ಹೇಳೋ ಪದವನ್ನ ನಾವು ಬಸ್ಸಲ್ಲಿ ನಿಂತು ಒಂದು ಕೈಯಲ್ಲಿ ಟೈಪ್ ಮಾಡ್ತೀವಿ. ಅದೂ ಆರೋಪಿ ಇನ್ನೂ ಆರೋಪಿಯೇ ಆಗಿರುವಾಗ, ಎಷ್ಟೋ ಸಲ ವೈರಲ್ ಆದ ಫೋಟೋ ಸರಿಯಾದವನದ್ದಾ ಅಂತ ಕೂಡ ನೋಡದೆ.

ಟೈಬರ್ನ್‌ಗೆ ಹೋಗೋಕೆ ಮೈಲಿಗಟ್ಟಲೆ ನಡೀಬೇಕಿತ್ತು. ನಮಗೆ ಅದು ಕೈಯಲ್ಲೇ ಇದೆ. ಅಷ್ಟೇ ವ್ಯತ್ಯಾಸ.

ಮುಂದಿನ ಸಲ ಕೋಪ ಬಂದಾಗ ಬರೀರಿ, ಖಂಡಿತ ಬರೀರಿ. 'ತನಿಖೆ ಆಗ್ಲಿ' ಅಂತ ಬರೀರಿ, 'ಆ ಹುಡುಗಿ ಮನೆಯವರ ಜೊತೆ ಇದ್ದೀವಿ' ಅಂತ ಬರೀರಿ, 'ಶಿಕ್ಷೆ ಆಗ್ಲಿ' ಅಂತ ಬರೀರಿ. ಗಲ್ಲು ಅನ್ನೋ ಪದವನ್ನ ಮಾತ್ರ, ಅದರ ಇನ್ನೊಂದು ತುದೀಲಿ ಯಾರ ಕೈ, ಯಾರ ಕೊರಳು ಅಂತ ಯೋಚಿಸಿ ಆಮೇಲೆ ಒತ್ತಿ.

ನಿಮ್ಮ ಮನೇಲಿ ಅಜ್ಜಿ, ತಾತ ನೇಣಿಗೆ ಯಾವ ಪದ ಹೇಳ್ತಾರೆ? ತಮಿಳು, ತೆಲುಗು, ಉರ್ದು, ಕನ್ನಡ ಯಾವುದಾದ್ರೂ ಸರಿ, ಕೇಳಿ ಕಾಮೆಂಟ್‌ನಲ್ಲಿ ಹಾಕಿ. ಆ ಪದಕ್ಕೆ ಇನ್ನೇನು ಅರ್ಥ ಇದೆ ಅಂತಲೂ ಕೇಳಿ. ಊಟದ ಡಬ್ಬಿಯೂ ಸಿಗಬಹುದು.

#ಪದಗಳಬೆನ್ನುಹತ್ತಿ #ಕೆಜಿಎಫ್ #ಬಂಗಾರಪೇಟೆ #ನಮ್ಮಕನ್ನಡ